ಪೇತ್ರ ಕೇಳಿದ ಆ ಪ್ರಶ್ನೆ: ಬೈಬಲ್‌ನಿಂದ ಹೊರಗುಳಿದ ಹಳೇ ಬರಹಗಳಲ್ಲಿ ಹೆಂಗಸರ ದನಿ

ಹಳೇಪುಟ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಕೆಲವು ವರ್ಷಗಳ ಹಿಂದೆ ಒಂದು ಸಭೆಯಲ್ಲಿ (ಚರ್ಚಿನಲ್ಲಿ) ಸ್ತ್ರೀಯರ ಭಾನುವಾರದ ದಿನ ನಾನು ಮಾತಾಡಬೇಕಿತ್ತು. ಎರಡು ವಾರ ಕೂತು ತಯಾರಿ ಮಾಡಿದ್ದೆ. ಶನಿವಾರ ಸಂಜೆ ಹಿರಿಯರೊಬ್ಬರು ಫೋನ್ ಮಾಡಿದರು. "ನೀವು ಬರೆದುಕೊಡಿ ಅಮ್ಮಾ, ನಾವು ಓದ್ತೇವೆ" ಎಂದರು. ಬೈಯಲಿಲ್ಲ, ಗದರಲಿಲ್ಲ. ಮರ್ಯಾದೆಯಿಂದಲೇ ಹೇಳಿದರು. ಬರೆದುಕೊಟ್ಟೆ. ಅವರು ಓದಿದರು, ಚೆನ್ನಾಗಿಯೇ ಓದಿದರು. ನಾನು ಮೂರನೇ ಬೆಂಚಿನಲ್ಲಿ ಕೂತು ನನ್ನ ಮಾತನ್ನೇ ಬೇರೆಯವರ ಬಾಯಲ್ಲಿ ಕೇಳಿದೆ.

ಮರಿಯಳ ಸುವಾರ್ತೆ, ಅಂದರೆ ಯೇಸುವಿನ ಶಿಷ್ಯೆ ಮರಿಯಳ ಹೆಸರಿನಲ್ಲಿರುವ ಹಳೇ ಪುಸ್ತಕ, ಓದಿದ್ದು ಅದಾದ ಮೇಲೆ. ಅದು ಬೈಬಲ್‌ನಲ್ಲಿ ಇಲ್ಲ. ಎರಡನೇ ಶತಮಾನದಲ್ಲಿ ಗ್ರೀಕ್‌ನಲ್ಲಿ ಬರೆದದ್ದು ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ನಮಗೆ ಮುಖ್ಯವಾಗಿ ಸಿಕ್ಕಿರುವುದು ಈಜಿಪ್ಟಿನ ಕಾಪ್ಟಿಕ್ ಭಾಷೆಯ ಒಂದೇ ಒಂದು ಪ್ರತಿ. 1896ರಲ್ಲಿ ಕಾರ್ಲ್ ರೈನ್‌ಹಾರ್ಟ್ ಎಂಬ ಜರ್ಮನ್ ವಿದ್ವಾಂಸರು ಅದನ್ನು ಕೈರೋದಲ್ಲಿ ಕೊಂಡು ಬರ್ಲಿನ್‌ಗೆ ಒಯ್ದರು. ಮೊದಲ ಆರು ಪುಟ ಇಲ್ಲ. ನಡುವೆ 11ರಿಂದ 14ರವರೆಗೆ ಮತ್ತೆ ನಾಲ್ಕು ಪುಟ ಇಲ್ಲ. ಮೊದಲು ಒಟ್ಟು ಇದ್ದದ್ದು ಸುಮಾರು ಹದಿನೆಂಟು ಪುಟ. ಅಂದರೆ ಅರ್ಧಕ್ಕಿಂತ ಜಾಸ್ತಿ ಹೋಗಿಬಿಟ್ಟಿದೆ.

ಉಳಿದದ್ದರಲ್ಲಿ ನಡೆಯುವುದು ಇಷ್ಟು. ಯೇಸು ಶಿಷ್ಯರಿಗೆ ಕೊನೆಯ ಮಾತು ಹೇಳಿ ಹೊರಟುಹೋಗುತ್ತಾನೆ. ಶಿಷ್ಯರು ಅಳುತ್ತಾ ಕೂರುತ್ತಾರೆ. "ಅವನನ್ನೇ ಬಿಡಲಿಲ್ಲ, ನಮ್ಮನ್ನು ಬಿಡುತ್ತಾರಾ?" ಎಂಬ ಭಯ. ಆಗ ಮರಿಯಳು ಎದ್ದು ನಿಲ್ಲುತ್ತಾಳೆ. ಅಳಬೇಡಿ ಎಂದು ಧೈರ್ಯ ಹೇಳುತ್ತಾಳೆ. ಶಿಷ್ಯರಲ್ಲಿ ಮುಖ್ಯನಾದ ಪೇತ್ರನೇ ಅವಳನ್ನು ಕೇಳುತ್ತಾನೆ: "ಸಹೋದರಿ, ನಮಗೆ ಗೊತ್ತಿಲ್ಲದ, ನಿನಗೆ ನೆನಪಿರುವ ಮಾತುಗಳನ್ನು ಹೇಳು." ಅವಳು ತಾನು ಕಂಡ ದರ್ಶನವನ್ನು ಹೇಳತೊಡಗುತ್ತಾಳೆ. ಪುಟಗಳು ಕಳೆದುಹೋಗಿರುವುದು ಸರಿಯಾಗಿ ಅಲ್ಲೇ! ಮತ್ತೆ ಶುರುವಾಗುವ ಹೊತ್ತಿಗೆ, ಆತ್ಮ ಒಂದೊಂದೇ ಶಕ್ತಿಯನ್ನು ದಾಟಿ ಮೇಲಕ್ಕೆ ಹೋಗುತ್ತಿದೆ. ಹೇಳಿ ಮುಗಿಸಿ ಸುಮ್ಮನಾಗುತ್ತಾಳೆ.

ಅಂದ್ರೆಯ ಎಂಬ ಶಿಷ್ಯ ಮೊದಲು ಬಾಯಿ ಬಿಡುತ್ತಾನೆ. "ನೀವು ಏನಾದರೂ ಹೇಳಿಕೊಳ್ಳಿ, ರಕ್ಷಕನು (ಯೇಸು) ಹೀಗೆ ಹೇಳಿದ ಎಂದು ನಾನು ನಂಬುವುದಿಲ್ಲ." ಆಮೇಲೆ ಪೇತ್ರ, ಕೇಳಿ ಹೇಳಿಸಿಕೊಂಡವನೇ, ಹೀಗೆನ್ನುತ್ತಾನೆ: "ನಮಗೆ ಗೊತ್ತಿಲ್ಲದ ಹಾಗೆ ಒಬ್ಬ ಹೆಂಗಸಿನ ಹತ್ತಿರ ಗುಟ್ಟಾಗಿ ಮಾತಾಡಿದನಾ? ನಾವೆಲ್ಲ ಈಗ ತಿರುಗಿ ಇವಳ ಮಾತು ಕೇಳಬೇಕಾ?"

ಮರಿಯಳು ಅಳುತ್ತಾಳೆ. "ಪೇತ್ರಾ, ನನ್ನ ಸಹೋದರನೇ, ನೀನು ಏನಂದುಕೊಂಡಿದ್ದೀ? ಇದನ್ನೆಲ್ಲ ನನ್ನ ಮನಸ್ಸಿನಲ್ಲೇ ಹುಟ್ಟಿಸಿಕೊಂಡೆ ಎಂದಾ? ರಕ್ಷಕನ ಬಗ್ಗೆ ಸುಳ್ಳು ಹೇಳುತ್ತಿದ್ದೇನೆ ಎಂದಾ?"

ಇಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಸುಮಾರು ಹೊತ್ತು ಕೂತಿದ್ದೆ. ಅವಳ ದರ್ಶನ ನನಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ಈ ಜಗಳ ಪೂರ್ತಿ ಅರ್ಥವಾಯಿತು. ಇವಳ ಮಾತು ಕೇಳಬೇಕಾ ಎಂಬ ಪ್ರಶ್ನೆ ಹುಟ್ಟಬೇಕಾದರೆ ಎಲ್ಲೋ ಒಬ್ಬಳು ಎದ್ದು ನಿಂತು ಮಾತಾಡುತ್ತಿದ್ದಳು, ಅಲ್ವಾ?

ಬೇರೆ ಹಳೇ ಬರಹಗಳಲ್ಲಿ ಇಂಥ ಜಾಗಗಳು ಗೊತ್ತಿದ್ದವರು ದಯವಿಟ್ಟು ಹೇಳಿ.

---

ಕರಾವಳಿಹುಡುಗಿ

ಅಕ್ಕಾ, ನೀವು ಬರೆದ ಮೂರನೇ ಬೆಂಚು ಕಣ್ಣಿಗೆ ಕಟ್ಟಿತು.

ನಮ್ಮದು ಮಂಗಳೂರು ಕಡೆಯ ಕಥೋಲಿಕ ಮನೆ. ಅಜ್ಜಿಯ ಹೆಸರು ತೆಕ್ಲಾ. ಚಿಕ್ಕವಳಿದ್ದಾಗ ಇದೆಂಥ ಹೆಸರು ಎಂದು ನಗುತ್ತಿದ್ದೆ. ಅಜ್ಜಿಗೆ ಗೊತ್ತಿದ್ದದ್ದು ಇಷ್ಟೇ: "ಸಿಂಹದ ಬಾಯಿಗೆ ಹಾಕಿದರೂ ಸಾಯದ ಸಂತಳು." ಪೂರ್ತಿ ಕಥೆ ನಾನು ಓದಿದ್ದು ಅಜ್ಜಿ ಹೋದ ಮೇಲೆ.

ಪೌಲ ಮತ್ತು ತೆಕ್ಲಾಳ ಕೃತ್ಯಗಳು ಎಂದು ಎರಡನೇ ಶತಮಾನದ ಬರಹ ಅದು. ತೆಕ್ಲಾ ಇಕೋನಿಯದ ಹುಡುಗಿ. ಈಗಿನ ಟರ್ಕಿಯ ಕೊನ್ಯಾ. ಮದುವೆ ಗೊತ್ತಾಗಿದೆ. ಪಕ್ಕದ ಮನೆಯಲ್ಲಿ, ಊರೂರು ಸುತ್ತಿ ಯೇಸುವಿನ ಸುದ್ದಿ ಸಾರುವ ಪೌಲ ಬೋಧನೆ ಮಾಡುತ್ತಿದ್ದಾನೆ. ಅವಳು ತನ್ನ ಮನೆಯ ಕಿಟಕಿಯ ಹತ್ತಿರ ಕೂತು ಕೇಳುತ್ತಾಳೆ. ಮೂರು ದಿನ, ಮೂರು ರಾತ್ರಿ ಏಳುವುದಿಲ್ಲ, ಉಣ್ಣುವುದಿಲ್ಲ. ಕಿಟಕಿಗೆ ಜೇಡದ ಹಾಗೆ ಅಂಟಿಕೊಂಡಿದ್ದಾಳೆ ಎಂದು ಅವಳ ತಾಯಿಯೇ ದೂರುತ್ತಾಳೆ. ಪೌಲನನ್ನು ಜೈಲಿಗೆ ಹಾಕಿದಾಗ ರಾತ್ರಿ ಎದ್ದು ಹೋಗುತ್ತಾಳೆ. ಬಾಗಿಲು ಕಾಯುವವನಿಗೆ ಕೈಬಳೆ ಬಿಚ್ಚಿಕೊಡುತ್ತಾಳೆ. ಜೈಲಿನವನಿಗೆ ಬೆಳ್ಳಿಯ ಕನ್ನಡಿ ಕೊಡುತ್ತಾಳೆ. ಮದುವೆಗೆ ಸಿಂಗಾರವಾಗಬೇಕಿದ್ದ ಹುಡುಗಿ ಬಳೆ, ಕನ್ನಡಿ ಎರಡನ್ನೂ ಕೊಟ್ಟು ಒಳಗೆ ಹೋಗುತ್ತಾಳೆ. ಈ ಎರಡು ಸಾಲು ನನಗೆ ಸಿಂಹಗಳ ಕಥೆಗಿಂತ ಹೆಚ್ಚು ಇಷ್ಟ.

ಮದುವೆ ಬೇಡ ಎಂದದ್ದಕ್ಕೆ ಹೆತ್ತ ತಾಯಿಯೇ ಇವಳನ್ನು ಸುಟ್ಟುಹಾಕಿ ಎನ್ನುತ್ತಾಳೆ. ಮಳೆ, ಆಲಿಕಲ್ಲು ಬಿದ್ದು ಬೆಂಕಿ ಆರುತ್ತದೆ. ಆಮೇಲೆ ಪೌಲನ ಹತ್ತಿರ, ನನಗೆ ದೀಕ್ಷಾಸ್ನಾನ (ಕ್ರೈಸ್ತಳಾಗುವಾಗಿನ ನೀರಿನ ಸಂಸ್ಕಾರ) ಕೊಡು ಎಂದು ಕೇಳುತ್ತಾಳೆ. ಅವನು ತಾಳು ಎನ್ನುತ್ತಾನೆ. ಅಂತಿಯೋಕ್ಯದಲ್ಲಿ ಒಬ್ಬ ದೊಡ್ಡ ಮನುಷ್ಯ ಅವಳ ಮೇಲೆ ಕಣ್ಣು ಹಾಕಿದಾಗ ಪೌಲ "ಇವಳು ಯಾರೋ ನನಗೆ ಗೊತ್ತಿಲ್ಲ" ಎಂದುಬಿಡುತ್ತಾನೆ. ಅವಳೇ ಆ ಮನುಷ್ಯನ ಮೇಲಂಗಿ ಹರಿದು, ತಲೆಯ ಕಿರೀಟ ಕೆಡವುತ್ತಾಳೆ. ಅದಕ್ಕೇ ಮೃಗಗಳಿಗೆ ಹಾಕುವ ಶಿಕ್ಷೆ. ಒಂದು ಹೆಣ್ಣುಸಿಂಹ ಅವಳ ಕಾಲ ಬಳಿ ಮಲಗಿ, ಅವಳಿಗಾಗಿ ಕರಡಿಯನ್ನು ಕೊಂದು, ಗಂಡುಸಿಂಹದ ಜೊತೆ ಹೋರಾಡಿ ಸಾಯುತ್ತದೆ. ಮೇಲೆ ಕೂತ ಊರ ಹೆಂಗಸರು ಅನ್ಯಾಯ ಎಂದು ಕೂಗುತ್ತಾರೆ. ಸುಗಂಧದ ಎಲೆ, ಎಣ್ಣೆ ಎಲ್ಲ ಎಸೆಯುತ್ತಾರೆ. ಮೃಗಗಳಿಗೆ ಮಂಪರು ಬರುತ್ತದೆ.

ಇದರ ನಡುವೆಯೇ ಅವಳು ಅಲ್ಲಿದ್ದ ನೀರಿನ ಗುಂಡಿಗೆ ತಾನೇ ಹಾರುತ್ತಾಳೆ. "ಯೇಸು ಕ್ರಿಸ್ತನ ಹೆಸರಿನಲ್ಲಿ ನನಗೆ ನಾನೇ ದೀಕ್ಷಾಸ್ನಾನ ಮಾಡಿಕೊಳ್ಳುತ್ತೇನೆ" ಎನ್ನುತ್ತಾಳೆ. ಇನ್ನೊಬ್ಬರು ಕೊಡಲಿ ಎಂದು ಕಾಯಲಿಲ್ಲ. ಮತ್ತೆ ಸಿಕ್ಕಿದಾಗ ಪೌಲ ಹೇಳುವುದು: "ಹೋಗು, ದೇವರ ವಾಕ್ಯವನ್ನು ಬೋಧಿಸು."

---

ಬಳ್ಳಾರಿಯಿಂದ

ಓದಿದೆ. ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಆದರೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಈ ಬರಹಗಳು ಬಿಟ್ಟುಹೋದದ್ದು ಹೆಂಗಸರು ಇದ್ದಾರೆ ಎಂಬ ಕಾರಣಕ್ಕಲ್ಲ. ಬೋಧನೆ ಬೇರೆ ಎಂಬ ಕಾರಣಕ್ಕೆ. ಮರಿಯಳ ಸುವಾರ್ತೆಯಲ್ಲಿ ರಕ್ಷಕ "ಪಾಪ ಎಂಬುದು ಇಲ್ಲ, ನೀವೇ ಪಾಪವನ್ನು ಹುಟ್ಟಿಸುತ್ತೀರಿ" ಎನ್ನುತ್ತಾನೆ. ಶಿಲುಬೆಯ ಮೇಲಿನ ಮರಣ ನಮ್ಮ ಪಾಪಕ್ಕಾಗಿ ಎಂದು ನಂಬುವ ಸಭೆ ಇದನ್ನು ಹೇಗೆ ಓದೀತು? ಅದೂ ಅಲ್ಲದೆ ಇದು ಮರಿಯಳೇ ಬರೆದದ್ದಲ್ಲ. ನೂರು ವರ್ಷ ಆದ ಮೇಲೆ ಯಾರೋ ಬರೆದದ್ದು. ಅದನ್ನು ಹೆಣ್ಣಿನ ದನಿ ಎನ್ನುವುದು ಹೇಗೆ? ನಿಜವಾದ ಬೈಬಲ್‌ನಲ್ಲೇ ಮಗ್ದಲದ ಮರಿಯಳು ಬೆಳಿಗ್ಗೆ ಸಮಾಧಿಯಿಂದ ಓಡಿಬಂದು "ನಾನು ಕರ್ತನನ್ನು ನೋಡಿದೆ" ಎಂದು ಹೇಳುತ್ತಾಳಲ್ಲ. ಯೋಹಾನ 20ನೇ ಅಧ್ಯಾಯ. ಅಷ್ಟು ಸಾಲದಾ?

---

ಇತಿಹಾಸಮೇಷ್ಟ್ರು

ನಾನು ಕ್ರೈಸ್ತನಲ್ಲ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು. ಗೊತ್ತಿದ್ದದ್ದನ್ನು ಹೇಳುತ್ತೇನೆ.

ಬಳ್ಳಾರಿಯವರ ಮಾತಿನಲ್ಲಿ ತೂಕವಿದೆ. ಆ ಬರಹದಲ್ಲಿ ಅವಳನ್ನು ಮಗ್ದಲದವಳು ಎಂದು ಎಲ್ಲೂ ಕರೆದಿಲ್ಲ, ಬರೀ ಮರಿಯಳು. ಮಗ್ದಲದವಳೇ ಎಂದು ಬಹಳ ಜನ ಓದುತ್ತಾರೆ, ಅದಕ್ಕೆ ಕಾರಣಗಳೂ ಇವೆ. ಬರೆದವರು ಗಂಡೋ ಹೆಣ್ಣೋ ಹೇಳಲಾಗದು. ಆದರೆ ಆ ಲೆಕ್ಕದಲ್ಲಿ ಬೈಬಲ್‌ನ ನಾಲ್ಕು ಸುವಾರ್ತೆಗಳ ಒಳಗೂ ಬರೆದವರ ಹೆಸರಿಲ್ಲ. ಮತ್ತಾಯ, ಮಾರ್ಕ ಎಂಬ ತಲೆಬರಹಗಳು ಆಮೇಲೆ ಸೇರಿದವು ಎಂದೇ ಹೆಚ್ಚಿನ ವಿದ್ವಾಂಸರ ಮಾತು.

ಇನ್ನೊಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಓಡಾಡುತ್ತಿದೆ. 325ರಲ್ಲಿ ನಿಕೇಯದಲ್ಲಿ ನಡೆದ ಬಿಷಪ್ಪರ ಮಹಾಸಭೆಯಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಕೂತು ಈ ಪುಸ್ತಕ ಬೇಕು, ಆ ಪುಸ್ತಕ ಬೇಡ ಎಂದು ಆರಿಸಿದ ಎಂಬುದು. ಹಾಗೆ ನಡೆಯಲಿಲ್ಲ. ಅಲ್ಲಿ ಬೈಬಲ್‌ನ ಪಟ್ಟಿ ಚರ್ಚೆಗೇ ಬರಲಿಲ್ಲ. ಪಟ್ಟಿ ನಿಧಾನವಾಗಿ ಗಟ್ಟಿಯಾಯಿತು. ಸುಮಾರು 180ರಲ್ಲೇ ಐರೇನಿಯಸ್ ಎಂಬ ಬಿಷಪ್ ಸುವಾರ್ತೆಗಳು ನಾಲ್ಕೇ ಎಂದು ವಾದಿಸುತ್ತಾನೆ. ಈಗಿರುವ 27 ಪುಸ್ತಕಗಳ ಹೊಸ ಒಡಂಬಡಿಕೆಯ (ಬೈಬಲ್‌ನ ಎರಡನೇ ಭಾಗದ) ಪಟ್ಟಿ ನಮಗೆ ಮೊದಲು ಕಾಣುವುದು 367ರಲ್ಲಿ, ಅಲೆಕ್ಸಾಂಡ್ರಿಯದ ಅಥನಾಸಿಯಸ್ ಬರೆದ ಈಸ್ಟರ್ ಪತ್ರದಲ್ಲಿ.

ಪಟ್ಟಿಯಿಂದ ಹೊರಗೆ ಬಿದ್ದ ಪುಸ್ತಕವನ್ನು ಸುಡಬೇಕಾಗಿಯೇ ಇರಲಿಲ್ಲ. ನಕಲು ಮಾಡುವವರು ನಿಲ್ಲಿಸಿದರೆ ಸಾಕಿತ್ತು. ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ತಾನಾಗಿ ಪುಡಿಯಾಗುತ್ತದೆ. ಈಜಿಪ್ಟಿನ ಒಣ ಮಣ್ಣು ಒಂದಿಷ್ಟು ಉಳಿಸಿತು, ಅಷ್ಟೇ.

ಸಿಕ್ಕಿದ ಮೇಲೂ ಮರಿಯಳ ಸುವಾರ್ತೆಯ ಆ ಪ್ರತಿಗೆ ಬಿಡುಗಡೆ ಸಿಗಲಿಲ್ಲ ನೋಡಿ. 1912ರಲ್ಲಿ ಕಾರ್ಲ್ ಶ್ಮಿಟ್ ಎಂಬ ವಿದ್ವಾಂಸರು ಅಚ್ಚಿಗೆ ಸಿದ್ಧ ಮಾಡಿದ್ದರು. ಮುದ್ರಣಾಲಯದಲ್ಲಿ ನೀರಿನ ಪೈಪ್ ಒಡೆದು ಎಲ್ಲ ಹಾಳಾಯಿತು. ಆಮೇಲೆ ಒಂದು ಮಹಾಯುದ್ಧ, ಮತ್ತೊಂದು ಮಹಾಯುದ್ಧ. ಎರಡನೆಯದಕ್ಕೂ ಮುಂಚೆಯೇ ಶ್ಮಿಟ್ ತೀರಿಕೊಂಡಿದ್ದರು. ಕಡೆಗೆ ವಾಲ್ಟರ್ ಟಿಲ್ ಅದನ್ನು ಪ್ರಕಟಿಸಿದ್ದು 1955ರಲ್ಲಿ. ಕೊಂಡು ತಂದ 59 ವರ್ಷಕ್ಕೆ!

ಗ್ರೀಕ್‌ನ ಎರಡು ಸಣ್ಣ ತುಣುಕುಗಳೂ ಸಿಕ್ಕಿವೆ, ಮೂರನೇ ಶತಮಾನದವು. ಅದರಲ್ಲೊಂದು ಸೂಕ್ಷ್ಮ. ಕೊನೆಯಲ್ಲಿ ಲೇವಿ ಎಂಬ ಶಿಷ್ಯ ಮರಿಯಳ ಪರ ನಿಲ್ಲುತ್ತಾನೆ. "ಪೇತ್ರಾ, ನಿನ್ನದು ಯಾವತ್ತೂ ಮುಂಗೋಪ. ರಕ್ಷಕನೇ ಅವಳನ್ನು ಯೋಗ್ಯಳೆಂದ ಮೇಲೆ ತಳ್ಳಿಹಾಕಲು ನೀನು ಯಾರು?" ಎನ್ನುತ್ತಾನೆ. ಆಮೇಲೆ ಕಾಪ್ಟಿಕ್ ಪ್ರತಿಯಲ್ಲಿ "ಅವರು" ಸಾರಲು ಹೊರಡುತ್ತಾರೆ. ಗ್ರೀಕ್ ತುಣುಕಿನಲ್ಲಿ ಲೇವಿ ಒಬ್ಬನೇ ಹೊರಡುತ್ತಾನೆ. ಪೇತ್ರ ಒಪ್ಪಿದನಾ ಇಲ್ಲವಾ ಎಂಬುದು ನಕಲು ಮಾಡಿದವರ ಕೈಯಲ್ಲೇ ಬದಲಾಗಿದೆ.

---

ಹಳೇಪುಟ

ಮೇಷ್ಟ್ರೇ, ಆ ಕೊನೆಯ ಸಂಗತಿ ನನಗೆ ಗೊತ್ತೇ ಇರಲಿಲ್ಲ. ತುಂಬ ಥ್ಯಾಂಕ್ಸ್.

ಬಳ್ಳಾರಿ ಅಣ್ಣಾ, ಬೇಜಾರೇನೂ ಇಲ್ಲ. ಮರಿಯಳ ಸುವಾರ್ತೆಯ ವಿಷಯದಲ್ಲಿ ನಿಮ್ಮ ಮಾತು ಅರ್ಧ ಒಪ್ಪುತ್ತೇನೆ, ಬೋಧನೆ ಬೇರೆಯೇ ಇತ್ತು. ಆದರೆ ತೆಕ್ಲಾಳ ವಿಷಯಕ್ಕೆ ಬನ್ನಿ. ಸುಮಾರು 200ರಲ್ಲಿ ಕಾರ್ಥೇಜಿನ ತೆರ್ತುಲ್ಯನ್ ಎಂಬ ಕ್ರೈಸ್ತ ಲೇಖಕ ದೀಕ್ಷಾಸ್ನಾನದ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಈ ಕಥೆಯ ಮೇಲೆ ಹರಿಹಾಯುತ್ತಾನೆ. ಯಾಕೆ? ಕೆಲವು ಹೆಂಗಸರು ತೆಕ್ಲಾಳನ್ನು ಉದಾಹರಣೆ ಕೊಟ್ಟು ನಾವೂ ಬೋಧಿಸಬಹುದು, ನಾವೂ ದೀಕ್ಷಾಸ್ನಾನ ಕೊಡಬಹುದು ಎನ್ನುತ್ತಿದ್ದರಂತೆ. ತೆಕ್ಲಾಳ ಕಥೆ ಬರೆದವನು ರೋಮನ್ನರ ಏಷ್ಯಾ ಪ್ರಾಂತದ (ಈಗಿನ ಟರ್ಕಿಯ ಕಡೆ) ಒಬ್ಬ ಸಭಾಹಿರಿಯ, ಪೌಲನ ಮೇಲಿನ ಪ್ರೀತಿಯಿಂದ ಬರೆದೆ ಎಂದು ಒಪ್ಪಿಕೊಂಡ, ಅವನ ಹುದ್ದೆ ಹೋಯಿತು ಎಂದೂ ತೆರ್ತುಲ್ಯನೇ ಹೇಳುತ್ತಾನೆ.

ಇಲ್ಲಿ ತಕರಾರು ಪಾಪದ ಬಗ್ಗೆ ಅಲ್ಲ, ಶಿಲುಬೆಯ ಬಗ್ಗೆಯೂ ಅಲ್ಲ. ಹೆಂಗಸು ನೀರಿಗೆ ಕೈ ಹಾಕಬಹುದಾ ಎಂಬುದರ ಬಗ್ಗೆ.

ಅದಕ್ಕೇ ನನಗೆ ತೆರ್ತುಲ್ಯನ ಮೇಲೆ ಸಿಟ್ಟಿದ್ದರೂ ಅವನ ಋಣವೂ ಇದೆ. ಅವನು ಸಿಟ್ಟಾಗದಿದ್ದರೆ ಆ ಹೆಂಗಸರು ಇದ್ದರು ಎಂಬುದೇ ನಮಗೆ ಗೊತ್ತಾಗುತ್ತಿರಲಿಲ್ಲ. ಅವರ ಹೆಸರಿಲ್ಲ, ಊರಿಲ್ಲ. ಅವರು ಆಡಿದ ಒಂದು ವಾದ ಮಾತ್ರ ಬೈಗುಳದೊಳಗೆ ಉಳಿದುಕೊಂಡಿದೆ.

---

ಬಳ್ಳಾರಿಯಿಂದ

ತೆರ್ತುಲ್ಯನ ಮಾತು ಈಗ ಹುಡುಕಿ ಓದಿದೆ. ನೀವು ಹೇಳಿದ ಹಾಗೇ ಇದೆ. ತೆಕ್ಲಾಳ ವಿಷಯದಲ್ಲಿ ನನ್ನ ಮಾತು ವಾಪಸ್ ತಗೊಳ್ಳುತ್ತೇನೆ.

ಆದರೆ ಹೊರಗುಳಿದದ್ದೆಲ್ಲ ಹೆಂಗಸರ ಪರ ಎಂದು ಯಾರೂ ಅಂದುಕೊಳ್ಳಬಾರದು. ತೋಮನ ಸುವಾರ್ತೆ ಯೇಸುವಿನ ಮಾತುಗಳ ಒಂದು ಸಂಗ್ರಹ; ಅದರ ಕೊನೆಯ ಮಾತು, 114ನೆಯದು, ನೋಡಿ. ಪೇತ್ರ ಹೇಳುತ್ತಾನೆ: "ಮರಿಯಳು ನಮ್ಮನ್ನು ಬಿಟ್ಟು ಹೋಗಲಿ, ಹೆಂಗಸರು ಜೀವಕ್ಕೆ ಯೋಗ್ಯರಲ್ಲ." ಅದಕ್ಕೆ ಯೇಸು ಕೊಡುವ ಉತ್ತರ, ಅವಳನ್ನು ನಾನು ಗಂಡಾಗಿ ಮಾಡುತ್ತೇನೆ ಎಂದು! ನನಗೆ ಇಬ್ಬರು ಹೆಣ್ಣುಮಕ್ಕಳು. ಇದನ್ನು ಅವರಿಗೆ ಓದಿ ಹೇಳಲು ನನಗೆ ಮನಸ್ಸಿಲ್ಲ. ಬೈಬಲ್‌ನಲ್ಲಿ ಇದು ಇಲ್ಲದಿರುವುದೇ ಒಳ್ಳೆಯದು.

---

ಇತಿಹಾಸಮೇಷ್ಟ್ರು

ಒಪ್ಪಿದೆ. ಅದು 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಹತ್ತಿರ ಸಿಕ್ಕಿದ ಪುಸ್ತಕಗಳಲ್ಲಿ ಒಂದು. ಆದರೆ ಒಂದು ವಿಷಯ ಗಮನಿಸಿ. ಮರಿಯಳ ಸುವಾರ್ತೆ, ತೋಮನ ಸುವಾರ್ತೆ, ಆಮೇಲೆ ಪಿಸ್ತಿಸ್ ಸೋಫಿಯಾ, ಮೂರೂ ಬೇರೆ ಬೇರೆ ಬರಹಗಳು. ಮೂರರಲ್ಲೂ ಪೇತ್ರ ಮರಿಯಳ ಮೇಲೆ ರೇಗುತ್ತಾನೆ. ಪಿಸ್ತಿಸ್ ಸೋಫಿಯಾದಲ್ಲಿ ಶಿಷ್ಯರು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವಳದ್ದೇ ಎಂದು ಲೆಕ್ಕ ಹಾಕಿದ್ದಾರೆ. ಪೇತ್ರ ತಡೆಯಲಾರದೆ "ಸ್ವಾಮಿ, ಇವಳು ನಮಗೆ ಮಾತಾಡಲು ಜಾಗವನ್ನೇ ಕೊಡುವುದಿಲ್ಲ" ಎಂದು ದೂರುತ್ತಾನೆ. ಅವಳು "ನನಗೆ ಪೇತ್ರನನ್ನು ಕಂಡರೆ ಭಯ, ಅವನು ನಮ್ಮ ಹೆಣ್ಣುಕುಲವನ್ನೇ ದ್ವೇಷಿಸುತ್ತಾನೆ" ಎನ್ನುತ್ತಾಳೆ.

ನಿಜವಾದ ಪೇತ್ರ ಹೀಗಿದ್ದ ಎಂದು ನಾನು ಹೇಳುತ್ತಿಲ್ಲ. ಈ ಜಗಳ ಆಗಿನ ಸಭೆಗಳಲ್ಲಿ ನಡೆಯುತ್ತಿತ್ತು. ಬರೆದವರು ಅದನ್ನು ಈ ಇಬ್ಬರ ಬಾಯಲ್ಲಿ ಇಟ್ಟರು.

---

ಪಿಯುಸಿಹುಡುಗ

ಸರ್, ಒಂದು ಪ್ರಶ್ನೆ. ಮಗ್ದಲದ ಮರಿಯಳು ಯೇಸುವಿನ ಹೆಂಡತಿ ಆಗಿದ್ದಳು ಎನ್ನುತ್ತಾರಲ್ಲ, ಅದಕ್ಕೆ ಸಾಕ್ಷಿ ಸಿಕ್ಕಿದೆ ಎಂದು ಒಂದು ವೀಡಿಯೋದಲ್ಲಿ ನೋಡಿದೆ. ನಿಜಾನಾ?

---

ಇತಿಹಾಸಮೇಷ್ಟ್ರು

ಇಲ್ಲಪ್ಪ. 2012ರಲ್ಲಿ ಒಂದು ಸಣ್ಣ ಪಪೈರಸ್ ತುಂಡು ಸುದ್ದಿಯಾಯಿತು. ಅದರಲ್ಲಿ ಯೇಸು "ನನ್ನ ಹೆಂಡತಿ" ಎನ್ನುವ ಸಾಲಿತ್ತು. 2016ರ ಹೊತ್ತಿಗೆ ಅದು ಎಲ್ಲಿಂದ ಬಂತು ಎಂದು ಒಬ್ಬ ಪತ್ರಕರ್ತ ಬೆನ್ನುಹತ್ತಿ ಹೋದ. ಆಮೇಲೆ ಅದನ್ನು ಪ್ರಕಟಿಸಿದ ವಿದ್ವಾಂಸೆ ಕ್ಯಾರನ್ ಕಿಂಗ್ ಅವರೇ ಇದು ನಕಲಿ ಇರುವ ಸಾಧ್ಯತೆಯೇ ಹೆಚ್ಚು ಎಂದು ಒಪ್ಪಿಕೊಂಡರು. ಹಳೇ ಬರಹಗಳಲ್ಲಿ ಅವಳು ಶಿಷ್ಯೆ, ಬೋಧಕಿ. ಫಿಲಿಪ್ಪನ ಸುವಾರ್ತೆಯಲ್ಲಿ "ಜೊತೆಗಾತಿ" ಎಂಬ ಮಾತಿದೆ. ಆ ಗ್ರೀಕ್ ಪದಕ್ಕೆ ಪಾಲುಗಾರ್ತಿ ಎಂಬ ಅರ್ಥವೂ ಬರುತ್ತದೆ. ಅದರಿಂದ ಮದುವೆ ಹುಟ್ಟಿಸಲಾಗದು.

---

ಕರಾವಳಿಹುಡುಗಿ

ತಮ್ಮಾ, ನಿನ್ನ ಪ್ರಶ್ನೆ ತಪ್ಪಲ್ಲ. ಆದರೆ ನನಗೆ ಇದು ನೋವಾಗುವ ವಿಷಯ. ಅವಳು ಏನು ಹೇಳಿದಳು ಎಂದು ಯಾರೂ ಕೇಳುವುದಿಲ್ಲ. ಯಾರ ಹೆಂಡತಿ ಎಂದೇ ಕೇಳುತ್ತಾರೆ. ಅದಕ್ಕೂ ಮುಂಚೆ ಸಾವಿರಕ್ಕೂ ಹೆಚ್ಚು ವರ್ಷ ಅವಳನ್ನು ವೇಶ್ಯೆ ಎಂದರು. ಬೈಬಲ್‌ನಲ್ಲಿ ಎಲ್ಲೂ ಹಾಗಿಲ್ಲ. 591ರಲ್ಲಿ ಪೋಪ್ ಗ್ರೆಗರಿ ಒಂದು ಪ್ರಸಂಗದಲ್ಲಿ (ಚರ್ಚಿನ ಉಪದೇಶದಲ್ಲಿ) ಲೂಕನ ಸುವಾರ್ತೆಯ ಹೆಸರಿಲ್ಲದ ಪಾಪಿ ಹೆಂಗಸು, ಬೆಥಾನ್ಯದ ಮರಿಯಳು, ಮಗ್ದಲದ ಮರಿಯಳು ಮೂವರನ್ನೂ ಒಬ್ಬಳೇ ಎಂದುಬಿಟ್ಟರು. ಅದು ಅಂಟಿಕೊಂಡಿತು. ನಮ್ಮ ಕಥೋಲಿಕರ ಹಬ್ಬಗಳ ಕ್ಯಾಲೆಂಡರ್ 1969ರಲ್ಲಿ ಬದಲಾದಾಗ ಅದು ಸರಿಹೋಯಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅವಳ ಜುಲೈ 22ನ್ನು ಪ್ರೇಷಿತರ (ಯೇಸು ಸಾರಲು ಕಳಿಸಿದ ಶಿಷ್ಯರ) ಹಬ್ಬಗಳ ಸಾಲಿಗೇ ಏರಿಸಿದರು.

ಅದೇ 1969ರಲ್ಲಿ ನಮ್ಮಜ್ಜಿಯ ತೆಕ್ಲಾಳ ಸೆಪ್ಟೆಂಬರ್ 23 ರೋಮಿನ ಸಾಮಾನ್ಯ ಕ್ಯಾಲೆಂಡರ್‌ನಿಂದ ಹೋಯಿತು. ಅಜ್ಜಿ ಮಾತ್ರ ಸಾಯುವವರೆಗೂ ಆ ದಿನ ಪಾಯಸ ಮಾಡುತ್ತಿದ್ದರು.

---

ನೈಟ್‌ಡ್ಯೂಟಿ

ನಾನು ನರ್ಸ್. ಹೆರಿಗೆ ವಾರ್ಡಿನಲ್ಲಿ ಕೆಲಸ. ಇಲ್ಲಿಯವರೆಗೆ ಸುಮ್ನೆ ಓದುತ್ತಿದ್ದೆ. ಈಗ ಪೆರ್ಪೆತುವಾಳ ಬಗ್ಗೆ ಹೇಳದೆ ಇರಲಾರೆ.

203ನೇ ಇಸವಿ, ಕಾರ್ಥೇಜ್. ಈಗಿನ ಟ್ಯುನೀಸಿಯಾ. ಅವಳಿಗೆ ಸುಮಾರು 22 ವರ್ಷ. ಮೊಲೆಹಾಲು ಕುಡಿಯುವ ಮಗು ಇದೆ. ಕ್ರೈಸ್ತಳಾದದ್ದಕ್ಕೆ ಜೈಲು. ಜೈಲಿನಲ್ಲಿ ಅವಳು ಬರೆದದ್ದು ಎಂದು ಒಂದಷ್ಟು ಪುಟ ಉಳಿದಿವೆ. ಅವಳೇ, ತನ್ನ ಕೈಯಲ್ಲೇ ಬರೆದದ್ದು ಎಂದು ಅದನ್ನು ಜೋಡಿಸಿದವರು ಹೇಳುತ್ತಾರೆ. ಮೊದಲ ಸಲ ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ದರ್ಶನಗಳಲ್ಲ. ಜೈಲಿನ ಕತ್ತಲು, ಸೆಖೆ, ನೂಕುನುಗ್ಗಲು, ಹಸಿವಿನಿಂದ ಸೋತುಹೋದ ಮಗು. ಮಗುವಿಗೆ ಹಾಲು ಕೊಟ್ಟ ಮೇಲೆ ಜೈಲೇ ತನಗೆ ಅರಮನೆಯಾಯಿತು ಎಂದು ಬರೆಯುತ್ತಾಳೆ. ಆಮೇಲೆ ಅವಳ ಅಪ್ಪ ಮಗುವನ್ನು ಕೊಡುವುದಿಲ್ಲ ಎಂದಾಗ, ಮಗು ಹಾಲು ಕೇಳುವುದನ್ನು ಬಿಟ್ಟಿತು, ನನ್ನ ಎದೆಗೂ ಬಾವು ಬರಲಿಲ್ಲ ಎಂದು ಬರೆಯುತ್ತಾಳೆ. ಅದನ್ನು ದೇವರ ಚಿತ್ತ ಎನ್ನುತ್ತಾಳೆ. ಒಮ್ಮೆಲೇ ಹಾಲು ಬಿಡಿಸಿದ ತಾಯಂದಿರ ಎದೆ ಕಲ್ಲಾಗಿ, ಜ್ವರ ಬಂದು ನರಳುವುದನ್ನು ನಾನು ವಾರ್ಡಿನಲ್ಲಿ ನೋಡುತ್ತೇನೆ. ಈ ಮಾತನ್ನು ಕೂತು ಕಟ್ಟಿ ಬರೆಯುವ ಗಂಡಸು ಯಾರಿದ್ದಾನೆ? ಇದು ಅವಳದ್ದೇ. ನನಗೆ ಅನುಮಾನವೇ ಇಲ್ಲ.

ಅಪ್ಪನ ಜೊತೆ ಅವಳ ಮಾತು ಕೇಳಿ. ಅಪ್ಪ ಬಂದು, ನಾನು ಕ್ರೈಸ್ತಳಲ್ಲ ಎಂದು ಒಂದು ಮಾತು ಹೇಳಿಬಿಡು ಎಂದು ಬೇಡುತ್ತಾನೆ. ಅವಳು ಅಲ್ಲಿದ್ದ ಹೂಜಿ ತೋರಿಸಿ, "ಅಪ್ಪಾ, ಇದನ್ನು ಹೂಜಿ ಅಲ್ಲದೆ ಬೇರೆ ಹೆಸರಿನಿಂದ ಕರೆಯಲು ಆಗುತ್ತದಾ?" ಎನ್ನುತ್ತಾಳೆ. "ಇಲ್ಲ." "ಹಾಗೇ ನಾನೂ. ನಾನು ಏನೋ ಅದನ್ನು ಬಿಟ್ಟು ಬೇರೆ ಹೇಳಿಕೊಳ್ಳಲಾರೆ." ಇನ್ನೊಮ್ಮೆ ಅವನು ಕೈಗೆ ಮುತ್ತಿಟ್ಟು, ಕಾಲಿಗೆ ಬಿದ್ದು ಅಳುತ್ತಾನೆ. ಅವಳಿಗೆ ಅಪ್ಪನ ಮುಪ್ಪು ನೋಡಿ ಸಂಕಟ. ಆದರೂ ಮಾತು ಬದಲಿಸುವುದಿಲ್ಲ.

ಅವಳ ಜೊತೆಗೆ ಫೆಲಿಸಿತಾ ಎಂಬ ದಾಸಿ ಇದ್ದಳು. ಎಂಟು ತಿಂಗಳ ಬಸುರಿ. ಜೈಲಿನಲ್ಲೇ ಹೆರಿಗೆ. ನೋವಿಗೆ ಕೂಗಿದಾಗ ಕಾವಲಿನವನೊಬ್ಬ, ಇದಕ್ಕೇ ಹೀಗಾದರೆ ಮೃಗಗಳ ಮುಂದೆ ಏನು ಮಾಡುತ್ತೀ ಎಂದು ಕೇಳುತ್ತಾನೆ. "ಈಗಿನ ನೋವು ನಾನೊಬ್ಬಳೇ ಉಣ್ಣುತ್ತಿದ್ದೇನೆ. ಅಲ್ಲಿ ನನ್ನೊಳಗೆ ಇನ್ನೊಬ್ಬನಿರುತ್ತಾನೆ, ಅವನು ನನಗಾಗಿ ಉಣ್ಣುತ್ತಾನೆ" ಎಂದಳಂತೆ. ಹುಟ್ಟಿದ್ದು ಹೆಣ್ಣುಮಗು. ಸಭೆಯ ಒಬ್ಬ ಸಹೋದರಿ ಸಾಕಿದಳು. ಮಾರ್ಚ್ 7ಕ್ಕೆ ಇಬ್ಬರನ್ನೂ ಕೊಂದರು.

---

ಕರಾವಳಿಹುಡುಗಿ

ಅಕ್ಕಾ, ಇವರಿಬ್ಬರ ಹೆಸರು ನಮ್ಮ ಪೂಜೆಯಲ್ಲಿ ಇದೆ! ಮೊದಲನೇ ಕೃತಜ್ಞತಾ ಪ್ರಾರ್ಥನೆಯಲ್ಲಿ ಫೆಲಿಸಿತಾ, ಪೆರ್ಪೆತುವಾ ಎಂದು ಬರುತ್ತದೆ. ಇಷ್ಟು ವರ್ಷ ಕೇಳಿದ್ದೇನೆ, ಯಾರು ಎಂದು ಒಂದು ದಿನವೂ ಕೇಳಿಲ್ಲ.

---

ಇತಿಹಾಸಮೇಷ್ಟ್ರು

ಆಫ್ರಿಕಾದ ಸಭೆಗಳಲ್ಲಿ ಪೆರ್ಪೆತುವಾಳ ಪುಟಗಳನ್ನು ವರ್ಷಕ್ಕೊಮ್ಮೆ ಗಟ್ಟಿಯಾಗಿ ಓದುತ್ತಿದ್ದರು. ಹೆಸರಾಂತ ಬಿಷಪ್ ಅಗಸ್ತೀನನೇ ಅವಳ ಹಬ್ಬದ ದಿನ ಪ್ರಸಂಗ ಮಾಡಿದ್ದಾನೆ. ಜನ ಎಷ್ಟು ಪ್ರೀತಿಸುತ್ತಿದ್ದರೆಂದರೆ, ಒಂದು ಕಡೆ ಅವನು ಇದು ಪಟ್ಟಿಗೆ ಸೇರಿದ ಗ್ರಂಥವಲ್ಲ ಎಂದು ನೆನಪು ಮಾಡಬೇಕಾಗಿ ಬಂತು. ಅದೂ ಯಾವಾಗ? ಯಾರೋ ಅವಳ ಒಂದು ದರ್ಶನವನ್ನು ವಾದಕ್ಕೆ ಆಧಾರ ಮಾಡಿಕೊಂಡಾಗ. ಅಲ್ಲೇ "ಅವಳೋ, ಅದನ್ನು ಬರೆದವರು ಯಾರೋ" ಎಂಬ ಅರ್ಥದ ಮಾತನ್ನೂ ಸೇರಿಸುತ್ತಾನೆ. ಹಬ್ಬಕ್ಕೆ ಅವಳು ಬೇಕು. ವಾದಕ್ಕೆ ಬಂದಾಗ ಬರೆದವಳು ಅವಳೇ ಹೌದಾ ಎಂಬ ಅನುಮಾನ.

ಇನ್ನೊಬ್ಬಳ ಹೆಸರು ಹೇಳಿ ಮುಗಿಸುತ್ತೇನೆ. ಮಕ್ಸಿಮಿಲ್ಲಾ. ಎರಡನೇ ಶತಮಾನ, ಈಗಿನ ಟರ್ಕಿಯ ಫ್ರಿಜಿಯ. ಪ್ರವಾದಿನಿ. ಅವಳ ಪುಸ್ತಕವಿಲ್ಲ. ವಿರೋಧಿಗಳು ಖಂಡಿಸಲೆಂದು ಎತ್ತಿಕೊಂಡ ನಾಲ್ಕಾರು ಸಾಲು ಇವೆ. ಅದರಲ್ಲೊಂದು: "ಕುರಿಮಂದೆಯಿಂದ ತೋಳನನ್ನು ಓಡಿಸುವ ಹಾಗೆ ನನ್ನನ್ನು ಓಡಿಸುತ್ತಿದ್ದಾರೆ. ನಾನು ತೋಳನಲ್ಲ. ನಾನು ಮಾತು, ಆತ್ಮ, ಶಕ್ತಿ."

---

ಹಳೇಪುಟ

ಮೇಷ್ಟ್ರೇ, ನಿಮ್ಮ ಈ ಮಾತು ಓದಿ ಇನ್ನೊಂದು ನೆನಪಾಯಿತು. ನನ್ನನ್ನು ಬಹಳ ದಿನದಿಂದ ಕಾಡುತ್ತಿರುವುದು.

ಮರಿಯಳ ಸುವಾರ್ತೆ ಇರುವ ಆ ಬರ್ಲಿನ್ ಪುಸ್ತಕದ ಕೊನೆಯಲ್ಲಿ ಒಂದು ಸಣ್ಣ ಕಥೆ ಇದೆ, ಪೇತ್ರನ ಕೃತ್ಯ ಎಂದು. ಪೇತ್ರ ರೋಗಿಗಳನ್ನೆಲ್ಲ ವಾಸಿ ಮಾಡುತ್ತಿದ್ದಾನೆ. ಗುಂಪಿನಲ್ಲೊಬ್ಬ ಕೇಳುತ್ತಾನೆ: ಎಲ್ಲರನ್ನೂ ವಾಸಿ ಮಾಡುತ್ತೀ, ಮೂಲೆಯಲ್ಲಿ ಒಂದು ಕಡೆ ಮೈ ಸತ್ತು ಬಿದ್ದಿರುವ ನಿನ್ನ ಮಗಳನ್ನು ಯಾಕೆ ಬಿಟ್ಟೆ? ದೇವರಿಗೆ ಶಕ್ತಿ ಇಲ್ಲ ಎಂದಲ್ಲ, ನೋಡಿ ಎಂದು ಪೇತ್ರ ಅವಳಿಗೆ ಎದ್ದು ನಡೆ ಎನ್ನುತ್ತಾನೆ. ಅವಳು ಎದ್ದು ನಡೆದು ಬರುತ್ತಾಳೆ. ಜನಕ್ಕೆ ಸಂತೋಷ. ಆಮೇಲೆ ಅವನೇ, ಹೋಗು, ನಿನ್ನ ಜಾಗದಲ್ಲಿ ಮೊದಲಿನ ಹಾಗೇ ಮಲಗು ಎನ್ನುತ್ತಾನೆ. ಅವಳು ಹೋಗಿ ಮಲಗುತ್ತಾಳೆ. ಅವಳು ಚೆಲುವೆ, ಒಬ್ಬ ಶ್ರೀಮಂತ ಅವಳನ್ನು ಎತ್ತಿಕೊಂಡು ಹೋಗಿದ್ದ, ಮೈ ಸತ್ತದ್ದರಿಂದಲೇ ಅವಳ ಮಾನ ಉಳಿಯಿತು ಎಂದು ಅಪ್ಪ ವಿವರಿಸುತ್ತಾನೆ.

ಕಥೆ ಪೂರ್ತಿ ಅವಳದ್ದೇ. ಅವಳು ಒಂದು ಮಾತೂ ಆಡುವುದಿಲ್ಲ. ಹೆಸರೂ ಇಲ್ಲ.

ಒಂದೇ ರಟ್ಟಿನೊಳಗೆ ಮೊದಲಲ್ಲಿ ಮಾತಾಡಿದ ಮರಿಯಳು, ಕೊನೆಯಲ್ಲಿ ಮಾತಿಲ್ಲದ ಈ ಹುಡುಗಿ. ಇಬ್ಬರ ಎದುರೂ ಪೇತ್ರ.

ಬಳ್ಳಾರಿ ಅಣ್ಣಾ, ಇದು ಹೊರಗಿನ ಪುಸ್ತಕ ಎನ್ನಬಹುದು. ಹಾಗಾದರೆ ಒಳಗಿನದನ್ನೇ ನೋಡಿ. ಅಪೊಸ್ತಲರ ಕೃತ್ಯಗಳು 21ನೇ ಅಧ್ಯಾಯ, 9ನೇ ವಚನ. ಫಿಲಿಪ್ಪನಿಗೆ ಪ್ರವಾದನೆ ಹೇಳುವ ನಾಲ್ಕು ಜನ ಹೆಣ್ಣುಮಕ್ಕಳಿದ್ದರು. ಅಷ್ಟೇ, ಮುಗಿಯಿತು. ಮುಂದಿನ ವಚನದಲ್ಲೇ ಅಗಬ ಎಂಬ ಪ್ರವಾದಿ ಬರುತ್ತಾನೆ. ಅವನ ಹೆಸರಿದೆ, ಪೌಲನ ನಡುಕಟ್ಟಿನಿಂದ ಕೈಕಾಲು ಕಟ್ಟಿಕೊಂಡದ್ದಿದೆ, ಹೇಳಿದ ಮಾತು ಅಕ್ಷರ ಅಕ್ಷರ ಇದೆ. ಆ ನಾಲ್ವರು ಅದೇ ಮನೆಯಲ್ಲಿದ್ದರು. ಏನು ಹೇಳಿದರು?

---

ಬಳ್ಳಾರಿಯಿಂದ

ಆ ಅಧ್ಯಾಯ ಹತ್ತಾರು ಸಲ ಓದಿದ್ದೇನೆ. ಒಮ್ಮೆಯೂ ಅಲ್ಲಿ ನಿಂತಿಲ್ಲ.

---

ಕರಾವಳಿಹುಡುಗಿ

ಬೈಬಲ್ ತೆಗೆದಿದ್ದೀರಲ್ಲ ಅಣ್ಣಾ, ಹಾಗೇ ರೋಮಾಪುರದವರಿಗೆ ಬರೆದ ಪತ್ರ 16:7 ನೋಡಿ. ಪೌಲ ಅಂದ್ರೋನಿಕನಿಗೆ ಮತ್ತು ಇನ್ನೊಬ್ಬರಿಗೆ ವಂದನೆ ಹೇಳುತ್ತಾನೆ. ಅಪೊಸ್ತಲರಲ್ಲಿ (ನಮ್ಮ ಕಡೆ ಪ್ರೇಷಿತರು ಎನ್ನುತ್ತೇವೆ) ಹೆಸರಾದವರು ಎನ್ನುತ್ತಾನೆ. ಆ ಇನ್ನೊಬ್ಬರು ಯೂನಿಯಾ. ಗ್ರೀಕ್‌ನಲ್ಲಿ ಆ ಪದ ಇರುವ ರೂಪದಲ್ಲಿ ಗಂಡೋ ಹೆಣ್ಣೋ ಎಂಬುದು ಉಚ್ಚಾರದ ಒತ್ತು ತೋರಿಸುವ ಒಂದು ಸ್ವರಚಿಹ್ನೆಯ ಮೇಲೆ ನಿಂತಿದೆ. ಹಳೇ ಹಸ್ತಪ್ರತಿಗಳಲ್ಲಿ ಆ ಚಿಹ್ನೆ ಹಾಕುತ್ತಲೇ ಇರಲಿಲ್ಲ. ನಾಲ್ಕನೇ ಶತಮಾನದ ಕ್ರಿಸೊಸ್ತೊಮ್ ಎಂಬ ಬಿಷಪ್ ಅವಳು ಹೆಂಗಸೇ ಎಂದು ಓದಿ, ಅಪೊಸ್ತಲೆ ಎನಿಸಿಕೊಳ್ಳಲು ಎಷ್ಟು ದೊಡ್ಡವಳಿರಬೇಕು ಎಂದು ಹೊಗಳಿದ್ದಾನೆ. ಯೂನಿಯಾ ಎಂಬ ಹೆಣ್ಣುಹೆಸರು ರೋಮಿನ ಶಾಸನಗಳಲ್ಲಿ 250ಕ್ಕೂ ಹೆಚ್ಚು ಸಲ ಇದೆ. ಯೂನಿಯಾಸ್ ಎಂಬ ಗಂಡುಹೆಸರು ಆ ಕಾಲದ ಒಂದು ಶಾಸನದಲ್ಲೂ ಸಿಕ್ಕಿಲ್ಲ. ಆದರೂ ಆಮೇಲಿನವರು ಅವಳನ್ನು ಗಂಡು ಮಾಡಿದರು.

ಇಂಗ್ಲಿಷಿನವರು ಬರೀ ಹೆಸರು ಬರೆದು ದಾಟಿಕೊಳ್ಳಬಹುದು. ಕನ್ನಡದಲ್ಲಿ ಅದು ಕಷ್ಟ. "ನಿಗೆ" ಎನ್ನಬೇಕು, ಇಲ್ಲ "ಳಿಗೆ" ಎನ್ನಬೇಕು. ಒಂದೇ ಅಕ್ಷರ. ನಿಮ್ಮ ಮನೆಯ ಬೈಬಲ್‌ನಲ್ಲಿ ಯಾವುದಿದೆ, ಎಲ್ಲರೂ ನೋಡಿ. ಹಳೇದು, ಹೊಸದು ಎರಡೂ ಇದ್ದರೆ ಎರಡನ್ನೂ ನೋಡಿ.

---

ನೈಟ್‌ಡ್ಯೂಟಿ

ಹಳೇಪುಟ ಅಕ್ಕಾ, ಒಂದು ಆಸೆ. ಪೆರ್ಪೆತುವಾಳ ಪುಟಗಳು ಬಹಳ ಚಿಕ್ಕವು. ಮಾರ್ಚ್ 7ಕ್ಕೆ ನಾವೆಲ್ಲ ಆನ್‌ಲೈನ್‌ನಲ್ಲಿ ಸೇರಿ ಕನ್ನಡದಲ್ಲಿ ಗಟ್ಟಿಯಾಗಿ ಓದಬಹುದಾ? ನೀವು ಅನುವಾದ ಮಾಡಿದರೆ ನಾನು ಕೈಜೋಡಿಸುತ್ತೇನೆ. ಆ ದಿನ ನನಗೆ ಡ್ಯೂಟಿ ಇದ್ದರೂ ಬದಲಿ ಮಾಡಿಕೊಳ್ಳುತ್ತೇನೆ.

---

ಹಳೇಪುಟ

ಆಗಲಿ. ಇವತ್ತೇ ಶುರು ಮಾಡುತ್ತೇನೆ. ಪೆರ್ಪೆತುವಾಳ ಮಾತು ನೀನು ಓದಬೇಕು, ಹಾಲಿನ ಮಾತು ನಿನಗೇ ಚೆನ್ನಾಗಿ ಗೊತ್ತು. ಫೆಲಿಸಿತಾ ಕರಾವಳಿಯ ತಂಗಿಗೆ. ನಡುವಿನ ಕಥೆ ಮೇಷ್ಟ್ರಿಗೆ. ಅಪ್ಪನ ಮಾತಿಗೆ ಒಂದು ಗಂಡುದನಿ ಬೇಕು. ಬಳ್ಳಾರಿ ಅಣ್ಣಾ, ನೀವು ಓದ್ತೀರಾ?

---

ಬಳ್ಳಾರಿಯಿಂದ

ಓದ್ತೇನೆ. ಆ ಅಪ್ಪ ಕಾಲಿಗೆ ಬಿದ್ದು ಅಳುವ ಜಾಗ ನನಗೆ ಕಷ್ಟವಾಗಬಹುದು, ಆದರೂ ಓದ್ತೇನೆ. ದೊಡ್ಡ ಮಗಳು ಕೇಳಿಸಿಕೊಳ್ಳಲು ಬರ್ತೀನಿ ಅಂದಿದ್ದಾಳೆ. ಎಷ್ಟು ಗಂಟೆಗೆ ಎಂದು ಹೇಳಿ.